ಒಣಗಲು ಇಟ್ಟ ಸ್ಟೇಷನ್

ರೈಲೇ ಹಾಯದ ತಾಲ್ಲೂಕಿನಲ್ಲಿ ಕೂತು ರೈಲುದಾರಿಯ ಪಕ್ಕದ ಮನೆಗಳನ್ನು ಕಟ್ಟುತ್ತಿದ್ದವನು ಉಮಾಶಂಕರ ಒಬ್ಬನೇ. ಸ್ಟೇಷನ್ನು, ಸಿಗ್ನಲ್ ಕ್ಯಾಬಿನ್ನು, ಗೇಟಿನವನ ಮನೆ, ಹಳಿ ದುರಸ್ತಿಯ ಗ್ಯಾಂಗಿನವರ ಸಾಲುಮನೆ, ಗೂಡ್ಸ್ ಶೆಡ್ಡು. ಯಾವುದೂ ಒಂದು ಗೇಣಿಗಿಂತ ಎತ್ತರವಿರಲಿಲ್ಲ. ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಅವನ ಹಳ್ಳಿಯವರಿಗೆ ರೈಲೆಂದರೆ ಚುನಾವಣೆ ಬಂದಾಗ ಮೈಕಿನಲ್ಲಿ ಕೇಳಿ, ಚುನಾವಣೆ ಮುಗಿದ ಮೇಲೆ ಮರೆಯುವ ಸಂಗತಿ. ಅಂಥ ಕಡೆ ಮೂವತ್ತು ದಾಟಿದ ಗಂಡಸು ಬೆಳಗಿನಿಂದ ಮೇಜಿನ ಮೇಲೆ ಬಗ್ಗಿಕೊಂಡು, ಬೆಂಕಿಪೊಟ್ಟಣದಷ್ಟು ಗೋಡೆಗೆ ಇಟ್ಟಿಗೆ ಬಣ್ಣ ಹಚ್ಚುತ್ತಿದ್ದರೆ ಜನ ಏನಂದಾರು? ಹೆಣ್ಣಿನ ಕಡೆಯವರು ನೋಡಲು ಬಂದಾಗ ಅವನ ಅವ್ವ ಚಾಮುಂಡಮ್ಮ, "ನಮ್ ಹುಡುಗ ಮನೆ ಕಟ್ತಾನೆ" ಅಂದಳು. ಬಂದವರಿಗೆ ಖುಷಿಯಾಯಿತು. ಮೇಸ್ತ್ರಿಯೋ ಕಂಟ್ರಾಕ್ಟರೋ ಎಂದು ವಿಚಾರಿಸಿದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಆಳು ಕುಳ್ಳಯ್ಯ ಜಗಲಿಯ ತುದಿಯಲ್ಲಿ ಕೂತಿದ್ದವನು ಸುಮ್ಮನಿರಬಾರದೆ?

"ಕಟ್ತಾರೆ ಕಣ್ರೀ, ಚೆಂದಾಗೇ ಕಟ್ತಾರೆ. ಒಳಕ್ಕೆ ಹೋಗಿ ಸಂಸಾರ ಮಾಡ್ಬೇಕು ಅಂದ್ರೆ ನಿಮ್ ಹುಡುಗಿ ಇರುವೆ ಆಗ್ಬೇಕು, ಅಷ್ಟೆಯ."

ಕಾಫಿ ಲೋಟ ಕೆಳಗಿಟ್ಟು ಎದ್ದುಹೋದವರು ಮತ್ತೆ ಬರಲಿಲ್ಲ. ಆವತ್ತು ಉಮಾಶಂಕರನೂ ಎಲ್ಲರ ಜೊತೆ ನಕ್ಕಿದ್ದ.

ಈ ಕಸುಬು ಅವನಿಗೆ ಅಂಟಿದ್ದು ಮೈಸೂರಿನಲ್ಲಿ. ಕೈಗಾರಿಕಾ ಪ್ರದೇಶದ ಹಿಂಬದಿಯ ಒಂದು ಶೆಡ್ಡಿನಲ್ಲಿ, ಪರದೇಶದವರು ತಮ್ಮ ಪುಟಾಣಿ ರೈಲುಗಳ ಪಕ್ಕ ಇಟ್ಟುಕೊಳ್ಳುವ ಕಟ್ಟಡಗಳನ್ನು ರೆಸಿನ್ನಿನಲ್ಲಿ ಎರಕ ಹೊಯ್ಯುತ್ತಿದ್ದರು. ಎರಡು ಡಬ್ಬಿಯ ದ್ರವ ಕಲಸಿ ರಬ್ಬರ್ ಅಚ್ಚಿಗೆ ಸುರಿದರೆ, ಕಾಫಿ ಕುಡಿದು ಬರುವಷ್ಟರಲ್ಲಿ ಕೆನೆಬಣ್ಣದ ಗೋಡೆಯೊಂದು ಗಟ್ಟಿಯಾಗಿ ಕೂತಿರುತ್ತಿತ್ತು. ಬಿಡಿ ಗೋಡೆ, ಮಾಡು, ಚಿಮಣಿ ಎಲ್ಲ ಡಬ್ಬಿಗೆ ಹಾಕಿ ಕಳಿಸಿದರೆ ಕೆಲವರು ತಾವೇ ಕೂಡಿಸಿಕೊಳ್ಳುತ್ತಿದ್ದರು. ಕಟ್ಟಿ ಬಣ್ಣ ಹಚ್ಚಿದ್ದೇ ಬೇಕು ಎನ್ನುವವರ ಪಾಲಿಗೆ ಉಮಾಶಂಕರ. ಅಚ್ಚಿನ ಜಿಡ್ಡು ಹೋಗುವಂತೆ ಸೋಪಿನ ನೀರಲ್ಲಿ ತೊಳೆಯಬೇಕು. ಗಾಜಿನ ಮೇಲೆ ಮರಳುಕಾಗದ ಅಂಟಿಸಿ ಅಂಚು ಉಜ್ಜಬೇಕು. ಗುಳ್ಳೆ ಒಡೆದ ತೂತಿಗೆ ಪುಟ್ಟಿ ತುಂಬಬೇಕು. ಸೊಟ್ಟಗಾದ ಗೋಡೆಯನ್ನು ಬಿಸಿನೀರಿನಲ್ಲಿ ಅದ್ದಿ, ಅದು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾದ ಗಳಿಗೆ ನೋಡಿ ಮೇಲೆತ್ತಿ, ಗಾಜಿಗೆ ಒತ್ತಿ ಹಿಡಿದು ನೆಟ್ಟಗೆ ಮಾಡಬೇಕು. ಕೊನೆಗೆ ಬಣ್ಣ. ಇಟ್ಟಿಗೆಯ ಕೆಂಪು ಒಣಗಿದ ಮೇಲೆ ತೆಳ್ಳನೆ ಬೂದಿಬಣ್ಣ ಬಳಿದು ಬಟ್ಟೆಯಿಂದ ಒರೆಸಿಬಿಟ್ಟರೆ ಸಂದಿಯ ಗಾರೆಯಲ್ಲಿ ಮಾತ್ರ ಬೂದಿ ಉಳಿಯುತ್ತದೆ. ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನ ಚೂರಾಗಿದ್ದದ್ದು ಇದ್ದಕ್ಕಿದ್ದಂತೆ ಯಾರೋ ಒರಗಿ ಕೂತಿದ್ದ ಗೋಡೆಯಾಗಿಬಿಡುತ್ತದೆ. ಆ ಗಳಿಗೆಗಾಗಿಯೇ ಅವನು ಬದುಕಿದ್ದ ಎಂದರೆ ಮಾತು ದೊಡ್ಡದಾಯಿತು. ಆದರೆ ಅವನ ಉಳಿದ ಗಳಿಗೆಗಳಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಪರದೇಶದವರು ಚೀನಾದಲ್ಲಿ ಎರಕ ಹೊಯ್ಯಿಸತೊಡಗಿದರು. ಶೆಡ್ಡಿಗೆ ಬೀಗ ಬಿತ್ತು. ಉಮಾಶಂಕರ ಕಸಕ್ಕೆಸೆದಿದ್ದ ಸೊಟ್ಟ ಗೋಡೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು, ಹುಣಸೂರಿನಲ್ಲಿ ಬಸ್ಸು ಬದಲಿಸಿ, ಲಗೇಜು ಜಾಸ್ತಿಯೆಂದು ಕಂಡಕ್ಟರನಿಂದ ಬೈಸಿಕೊಂಡು ಊರಿಗೆ ಬಂದ.

ಊರಿನಲ್ಲಿ ಅಣ್ಣ ದೇವರಾಜು ಹೊಗೆಸೊಪ್ಪು ಬೆಳೆಯುತ್ತಿದ್ದ. ಮನೆಯ ಹಿಂದೆಯೇ ಬ್ಯಾರನ್ನು. ಎತ್ತರದ, ಕಿಟಕಿಯಿಲ್ಲದ ಇಟ್ಟಿಗೆ ಕಟ್ಟಡ. ಒಳಗೆ ನೆಲದುದ್ದಕ್ಕೂ ತಗಡಿನ ದಪ್ಪ ಕೊಳವೆ, ಹೊರಗೆ ಸೌದೆ ಒಲೆ. ಹಸಿ ಎಲೆಯನ್ನು ಕೋಲಿಗೆ ಕಟ್ಟಿ, ಒಳಗಿನ ಗಳಗಳ ಮೇಲೆ ನೆಲದಿಂದ ಸೂರಿನವರೆಗೆ ನೇತುಹಾಕಿ, ಒಂದು ಸಲದ ಎಲೆ, ಅಂದರೆ ಒಂದು ಒಡಲು ತುಂಬಿಸಿ, ಬಾಗಿಲು ಮುಚ್ಚಿ, ಒಲೆಗೆ ಬೆಂಕಿ ಕೊಟ್ಟರೆ ಅಲ್ಲಿಂದಾಚೆಗೆ ಐದಾರು ದಿನ ಬೆಂಕಿ ಆರುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಕಾವು ಏರಿಸಿ ಎಲೆ ಒಣಗಿಸಬೇಕು. ಕಡೆಗೆ ಫ್ಯಾರನ್‌ಹೀಟಿನ ನೂರರವತ್ತು ಡಿಗ್ರಿಗೆ ಒಯ್ದು ಎಲೆಯ ನಡುವಿನ ದಂಟು ಒಣಗಿಸಬೇಕು. ಮನೆಯವರೆಲ್ಲ ಜುಲೈ ತಿಂಗಳಿಂದ ಆ ಕಾವಿನ ಲೆಕ್ಕದಲ್ಲೇ ಏಳುತ್ತಿದ್ದರು, ಮಲಗುತ್ತಿದ್ದರು.

ದೇವರಾಜು ತಮ್ಮನನ್ನು ಬೈದವನಲ್ಲ. ಎಲ್ಲರೆದುರಿಗೆ ಒಂದು ಮಾತು ಮಾಡಿಕೊಂಡಿದ್ದ.

"ನೋಡಪ್ಪಾ, ಈ ಸೀಜನ್ನು ಮುಗಿಯೋಗಂಟ ನಿನ್ ಪಾಡಿಗೆ ನೀನು ಮಾಡ್ಕೊ. ನಾನು ಕೇಳಕಿಲ್ಲ. ಅಷ್ಟ್ರೊಳಗೆ ಇದ್ರಲ್ಲೇ ಒಂದು ಬದುಕು ಆಯ್ತದೆ ಅಂದ್ರೆ ಸರಿ. ಆಗ್ಲಿಲ್ವಾ, ಎರಡನೇ ಬ್ಯಾರನ್ ಕಟ್ತೀನಿ, ಅದು ನಿಂದು. ಬ್ರಸ್ಸು ಗಿಸ್ಸು ಎಲ್ಲಾನೂ ಬುಟ್ಬುಡಬೇಕು. ಆಯ್ತಾ?"

"ಆಯ್ತಣ್ಣ."

ಆ ಬದುಕಿಗೆ ಇದ್ದದ್ದು ಒಂದೇ ಬಾಗಿಲು, ಉತ್ತಯ್ಯನವರು. ರೈಲ್ವೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಕೊಡಗಿನವರು. ಮೈಸೂರಿನ ಮನೆಯ ಮಹಡಿಯ ತುಂಬ ಪುಟ್ಟ ರೈಲುದಾರಿ ಹಾಸಿಕೊಂಡಿದ್ದರು. ಶೆಡ್ಡಿದ್ದ ಕಾಲದಿಂದ ಇವನ ಕೈಕೆಲಸ ನೋಡಿ ಬಲ್ಲವರು. "ನಂಗೆ ಇಂಗ್ಲೆಂಡಿನ ಸ್ಟೇಷನ್ ಸಾಕಾಗಿದೆ ಉಮಾಶಂಕರ," ಎಂದಿದ್ದರು. "ನಮ್ಮ ಮೈಸೂರು-ಅರಸೀಕೆರೆ ಮೀಟರ್ ಗೇಜ್ ಇತ್ತಲ್ಲ, ಆ ಲೈನಿನ ಒಂದು ಸ್ಟೇಷನ್ ಮಾಡು. ಯಾರ್ಡು, ಗೇಟು, ಎಲ್ಲ ಸೇರಿ ಒಂದೇ ಹಲಗೆ ಮೇಲೆ. ಬ್ರಾಡ್ ಗೇಜ್ ಮಾಡುವಾಗ ಎಷ್ಟೋ ಕಟ್ಟಡ ಕೆಡವಿಬಿಟ್ಟರು. ನೀನು ಮಾಡಿದ್ದು ಸರಿಯಾಗಿ ಬಂದರೆ ಚೆನ್ನೈಗೆ ಮಾಡೆಲ್ ರೈಲಿನವರ ಪ್ರದರ್ಶನಕ್ಕೆ ತಗೊಂಡು ಹೋಗ್ತೇನೆ. ಅಲ್ಲಿ ಒಂದು ಸಲ ನೋಡಿದ ಮೇಲೆ ಆ ಜನ ನಿನ್ನ ಕೈ ಖಾಲಿ ಇರೋದಕ್ಕೆ ಬಿಡೋದಿಲ್ಲ." ಆಗಸ್ಟಿನ ಒಂದು ಭಾನುವಾರ ಮಡಿಕೇರಿಗೆ ಹೋಗುತ್ತ ಜೀಪಿನಲ್ಲಿ ಬಂದು ಒಯ್ಯುವುದೆಂದು ಮಾತಾಗಿತ್ತು.

ಉಮಾಶಂಕರ ಗೋಣಿಚೀಲ ಸುರಿದುಕೊಂಡು ಕೂತ. ಇಂಗ್ಲೆಂಡಿನ ಕಲ್ಲಿದ್ದಲು ಆಫೀಸಿನ ಗೋಡೆ ಕೊಯ್ದು, ಚಿಮಣಿ ಕಿತ್ತು, ಕಿಟಕಿ ಮುಚ್ಚಿ, ಮಂಗಳೂರು ಹೆಂಚಿನ ಮಾಡು ಕೂರಿಸಿ, ನಮ್ಮ ಕಡೆಯ ಸ್ಟೇಷನ್ ಮಾಡಿದ. ಗೇಟಿನವನ ಮನೆಗೆ ಮಾತ್ರ ಚೀಲದಲ್ಲಿ ಯಾವ ಗೋಡೆಯೂ ಹೊಂದಲಿಲ್ಲ. ಅವನ ಸೋದರಮಾವನ ಊರು ಅದೇ ಲೈನಿನ ಮೇಲಿನ ಕೆ.ಆರ್. ನಗರ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಊರಾಚೆಯ ಗೇಟಿನ ಹತ್ತಿರ ನಿಂತು ರೈಲು ನೋಡುತ್ತಿದ್ದ. ಆ ಗೇಟಿನವನ ಮನೆಯೇ ಬೇಕೆಂದು ಹಟ ಹಿಡಿದು, ನೆನಪಿನಿಂದ ಮರದಲ್ಲಿ ಕೆತ್ತಿ, ಉಳಿದಿದ್ದ ರಬ್ಬರಿನಲ್ಲಿ ಅಚ್ಚು ತೆಗೆದು, ಉಳಿದಿದ್ದ ರೆಸಿನ್ನು ಸುರಿದ. ಗೋಡೆ ಬಿಡಿಸುವಾಗ ಅಚ್ಚು ಹರಿಯಿತು. ಎರಡನೆಯದು ಹುಟ್ಟುವಂತಿರಲಿಲ್ಲ. ಆದರೂ ಹುಟ್ಟಿದ್ದು ಅವನು ಈವರೆಗೆ ಮಾಡಿದ್ದರಲ್ಲೆಲ್ಲ ಉತ್ತಮವಾಗಿತ್ತು. ಚಾವಡಿಯ ಕಂಬಕ್ಕೆ ಜನ ಒರಗಿ ಒರಗಿ ಸುಣ್ಣ ಸವೆದ ಜಾಗ, ಕಿಟಕಿಯ ಮೇಲೆ ಲಾಟೀನಿನ ಮಸಿ, ಗೋಡೆಯ ಬುಡಕ್ಕೆ ಮಳೆ ಸಿಡಿದ ಕೆಮ್ಮಣ್ಣು.

ತೊಂದರೆ ಬಂದದ್ದು ಜಲ್ಲಿಯಿಂದ. ಕಂಬಿಯ ನಡುವೆ ಜರಡಿ ಹಿಡಿದ ಮರಳು ಉದುರಿಸಿ, ಮೇಲೆ ನೀರು ಬೆರೆಸಿದ ಫೆವಿಕಾಲ್ ಬಿಟ್ಟಿದ್ದ. ಆಗಸ್ಟಿನ ಮಳೆ ಹಿಡಿದುಕೊಂಡಿತು. ಫೆವಿಕಾಲ್ ಹಾಲಿನಂತೆ ಹಾಗೇ ನಿಂತಿತು. ಪ್ಲೈವುಡ್ ಹಲಗೆಯ ಅಂಚಿಗೆ ಬೂಷ್ಟು ಬಂತು. ಅವನು ದಿನಕ್ಕೆ ಹತ್ತು ಸಲ ಬೆರಳಿಟ್ಟು ನೋಡುತ್ತಿದ್ದ, "ಒಣಗ್ತಾ ಇಲ್ವಲ್ಲವ್ವಾ," ಎಂದು ಅವ್ವನೆದುರು ಗೋಳಾಡುತ್ತಿದ್ದ. ಅವಳು ಹುರುಳಿ ಕೇರುತ್ತಲೋ ಹೊಗೆಸೊಪ್ಪು ಕಟ್ಟುತ್ತಲೋ ಕೇಳಿಸಿಕೊಳ್ಳುತ್ತಿದ್ದಳು.

ಅದೂ ಸಾಲದೆಂಬಂತೆ, ಗೇಟಿನವನ ಮನೆಯ ಹಳದಿಯ ಬಗ್ಗೆ ಅವನಿಗೆ ಅನುಮಾನ ಹುಟ್ಟಿತು. ತಾನು ಹಚ್ಚಿದ್ದು ಹೆಚ್ಚು ಕಡುವಾಯಿತೇ? ನಿಜವಾದ ಗೋಡೆಯನ್ನು ಒಮ್ಮೆ ನೋಡಿಕೊಂಡು ಬಂದುಬಿಡುತ್ತೇನೆಂದು, ಉತ್ತಯ್ಯನವರು ಬರುವ ಭಾನುವಾರದ ಮುಂಚಿನ ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದ. ಕೆ.ಆರ್. ನಗರದಲ್ಲಿ ಇಳಿದು ಮಳೆಯಲ್ಲಿ ಗೇಟಿನವರೆಗೆ ನಡೆದ. ಮನೆಯಿರಲಿಲ್ಲ. ಕಲ್ಲಿನ ತಳಪಾಯದ ಸುತ್ತ ಲಂಟಾನ ಬೆಳೆದಿತ್ತು, ಅದರ ಮೇಲೆ ಯಾರದೋ ಎಮ್ಮೆ ಮಲಗಿತ್ತು. ಒಂದು ಚೂರು ಹಳದಿ ಗಾರೆಯಾದರೂ ಸಿಕ್ಕೀತೆಂದು ಕಾಲಿನಲ್ಲಿ ಕೆದಕಿದ. ಸಿಗಲಿಲ್ಲ. ಹಾಗಾದರೆ ಇನ್ನು ಮೇಲೆ ಆ ಮನೆ ಎಲ್ಲಾದರೂ ಇದ್ದರೆ ತನ್ನ ಮೇಜಿನ ಮೇಲೆ ಮಾತ್ರ, ತಾನು ಹಚ್ಚಿದ್ದೇ ಅದರ ಬಣ್ಣ ಎಂದು ಅವನಿಗೆ ಹೊಳೆಯಿತು. ಅದರಿಂದ ಸಂತೋಷವೇನೂ ಆಗಲಿಲ್ಲ. ಸೋದರಮಾವ, "ಈ ಮಳೇಲಿ ಎಲ್ಲಿಗ್ಲಾ ಓಯ್ತೀಯ, ಇರು," ಎಂದು ಹಿಡಿದು ಕೂರಿಸಿಕೊಂಡ. ಅವನು ಊರಿಗೆ ಮರಳಿದ್ದು ಶನಿವಾರ ಮಧ್ಯಾಹ್ನ.

ಮೇಜು ಖಾಲಿಯಿತ್ತು.

"ಅವ್ವಾ, ನನ್ ಹಲಗೆ ಎಲ್ಲಿ?"

ಚಾಮುಂಡಮ್ಮ ಅಡಿಗೆಮನೆಯಿಂದ ಬಂದಳು. ಅವಳ ಮುಖದಲ್ಲಿ, ಮಗನಿಗೆ ಇಷ್ಟವಾದದ್ದನ್ನು ಅವನಿಗೆ ಹೇಳದೆ ಮಾಡಿಟ್ಟಾಗ ಇರುವಂಥ ಗೆಲುವಿತ್ತು.

"ಒಣಗಾಕೆ ಮಡಗಿವ್ನಿ ಕಣಪ್ಪ. ದಿನಾ ಒಣಗ್ಲಿಲ್ಲ ಒಣಗ್ಲಿಲ್ಲ ಅಂತ ಪೇಚಾಡ್ತಿದ್ಯಲ್ಲ. ನೀ ಅತ್ಲಾಗೆ ಓದೆ, ಇತ್ಲಾಗೆ ಬ್ಯಾರನ್ ತುಂಬುದ್ರು. ಬಾಗ್ಲು ಆಕೋಕೆ ಮುಂಚೆ ನಾನೇ ಒತ್ಕೊಂಡೋಗಿ ಆ ಮೂಲೇಲಿ ಇಟ್ಟಿಗೆ ಜೋಡ್ಸಿ ಮ್ಯಾಕೆ ಮಡಗ್ದೆ. ಒಂದು ಚೂರೂ ಅಲುಗ್ಲಿಲ್ಲ ಬುಡು."

ಬ್ಯಾರನ್ನಿರುವ ಮನೆಗಳಲ್ಲಿ ಮಳೆಗಾಲದ ರೂಢಿಯೇ ಅದು. ಒದ್ದೆ ಕಂಬಳಿ, ಮುಗ್ಗಿದ ಮೆಣಸಿನಕಾಯಿ, ಕೊಬ್ಬರಿ, ಕೂಸಿನ ಬಟ್ಟೆ, ಎಲ್ಲವೂ ಬಾಗಿಲು ಮುಚ್ಚುವ ಮುನ್ನ ಎಲೆಯ ಕೆಳಗಿನ ಮೂಲೆ ಸೇರುತ್ತವೆ. ಎಲೆಯ ಜೊತೆ ಗರಿಗರಿಯಾಗಿ ಹೊರಗೆ ಬರುತ್ತವೆ. ಅವ್ವ ಅದಕ್ಕಿಂತ ಬೇರೆ ಏನನ್ನೂ ಮಾಡಿರಲಿಲ್ಲ.

ಉಮಾಶಂಕರ ಚಪ್ಪಲಿ ಮೆಟ್ಟದೆ ಹಿತ್ತಲಿಗೆ ಓಡಿದ.

ದೇವರಾಜು ಬ್ಯಾರನ್ನಿನ ಗೋಡೆಯ ಗಾಜಿನ ಕಿಂಡಿಗೆ ಬ್ಯಾಟರಿ ಹಿಡಿದು, ಒಳಗೆ ನೇತುಬಿಟ್ಟ ಥರ್ಮಾಮೀಟರು ನೋಡುತ್ತಿದ್ದ. ಎರಡು ದಿನದ ಗಡ್ಡ, ಕೆಂಪು ಕಣ್ಣು. ಕುಳ್ಳಯ್ಯ ಒಲೆಯ ಮುಂದೆ ಗೋಣಿತಾಟು ಹೊದ್ದು ಕೂತಿದ್ದ.

"ಅಣ್ಣಾ, ಬಾಗ್ಲು ತೆಗಿ."

"ನೂರ್ಮೂವತ್ತಾಯ್ತು," ಅಂದ ದೇವರಾಜು, ತಿರುಗದೆ. "ಯಾಕ್ಲಾ?"

"ನನ್ ಸ್ಟೇಷನ್ ಒಳಗದೆ."

"ಗೊತ್ತು. ಅವ್ವ ಮಡಗ್ತು. ಇಷ್ಟೊತ್ತಿಗೆ ಒಣಗಿರ್ತದೆ."

"ಅದು ಕಾವು ತಡ್ಯಾಕಿಲ್ಲ ಕಣಣ್ಣ. ಈಗಿನ್ನೂ ವಸಿ ಮೆತ್ತಗಾಗಿರ್ತದೆ, ಈಗ ತೆಗುದ್ರೆ ಸರಿ ಮಾಡ್ಕೊತೀನಿ. ನೂರೈವತ್ತು ದಾಟುದ್ರೆ ಒಂದು ಗೋಡೆನೂ ನಿಲ್ಲಕಿಲ್ಲ."

ದೇವರಾಜು ಈಗ ತಿರುಗಿದ. "ನಿಲ್ಲಕಿಲ್ಲ ಅಂದ್ರೆ? ಪ್ಲಾಸ್ಟಿಕ್ಕಾ ಅದು?"

"ಅಂಥದ್ದೇ."

"ಅಯ್ಯೋ ಶಿವನೇ. ನಾನು ಗಾರೆ ಅನ್ಕೊಂಡಿದ್ದೆ ಕಣ್ಲಾ. ಗಾರೆ, ಸುಣ್ಣ, ಇಟ್ಟಿಗೆ ಅಂತಾನೇ ಅನ್ಕೊಂಡಿದ್ದೆ."

ಉಮಾಶಂಕರನ ಕೆಲಸವನ್ನು ಅಷ್ಟು ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ಇಷ್ಟು ದಿನ ಅಣ್ಣ ಆ ಮೇಜಿನ ಹತ್ತಿರ ಬಂದು ಒಂದೂ ಮಾತಾಡದೆ ಹೋಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಅಣ್ಣನಿಗೆ ಅಲ್ಲಿ ಕೇಳುವಂಥದ್ದೇನೂ ಕಂಡಿರಲಿಲ್ಲ; ಮನೆಗಳು ಕಂಡಿದ್ದವು.

"ಒಂದು ನಿಮಿಷ ಅಣ್ಣಾ. ನುಗ್ಗಿ ಎತ್ಕೊಂಡ್ ಬಂದ್ಬುಡ್ತೀನಿ."

"ಮೂಲೇಲದೆ. ಬಿಸಿ ಪೈಪು ದಾಟ್ಕೊಂಡು, ಎಲೆ ಕೆಳಗೆ ತೆವಳ್ಕೊಂಡು ಓಗ್ಬೇಕು. ಒಂದು ನಿಮಿಷಕ್ಕೆ ಆಗೋ ಮಾತಾ ಅದು? ಎಲೆ ಅರ್ಧ ಒಣಗದೆ, ದಂಟೆಲ್ಲಾ ಹಸಿ. ಆಚೆ ಈ ಥಂಡಿ ಗಾಳಿ. ಬಾಗ್ಲು ತೆಗುದ್ರೆ ಒಡ್ಲಿಗೆ ಒಡ್ಲೇ ಕಪ್ಪಾಯ್ತದೆ. ಹೋದ್ ವರ್ಷ ನೋಡ್ಲಿಲ್ವಾ?"

ಹೋದ ವರ್ಷ ಬೆಕ್ಕು ಒಳಗೆ ಸಿಕ್ಕಿಕೊಂಡಿತ್ತು. ಎಲೆ ತುಂಬುವಾಗ ನುಗ್ಗಿ ಮಲಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾವು ಏರಿದ ಮೇಲೆ ಅದು ಕೂಗಿದ ಕೂಗಿಗೆ ಅವ್ವ ಎದೆ ಬಡಿದುಕೊಂಡಳು, ದೇವರಾಜು ಬಾಗಿಲು ತೆಗೆದ. ಬೆಕ್ಕು ಬದುಕಿತು. ಎಲೆಯ ಮೇಲೆ ಕಂದು ಕಲೆ ಕೂತು, ಹರಾಜಿನಲ್ಲಿ ಆ ಬೇಲುಗಳ ಹತ್ತಿರ ನಿಂತ ವ್ಯಾಪಾರಿಗಳು ಮೂಗು ಮುರಿದು ಮುಂದೆ ಹೋದರು.

"ಬೆಕ್ಕಿಗೆ ತೆಗೆದೆ," ಅಂದ ಉಮಾಶಂಕರ.

"ಬೆಕ್ಕಿಗೆ ಜೀವ ಇತ್ತು ಕಣೋ."

ಕುಳ್ಳಯ್ಯನಿಗೆ ತಡೆಯಲಾಗಲಿಲ್ಲ. "ಚಿಕ್ಕಗೌಡ್ರೇ, ಸ್ಟೇಷನ್ ಮಾಸ್ಟ್ರುನ್ನ ಕೂಗಿ ಮತ್ತೆ, ಯಾವ್ದಾರಾ ರೈಲು ಅತ್ಕೊಂಡು ಆಚೆ ಬರ್ಲಿ," ಅಂದ. ಯಾರೂ ನಗಲಿಲ್ಲ. ಅವನೇ ನಾಲಿಗೆ ಕಚ್ಚಿಕೊಂಡು, ಒಲೆಯ ಬೂದಿ ಕೆದಕುತ್ತ ತಲೆ ತಗ್ಗಿಸಿದ.

ದೇವರಾಜು ಬ್ಯಾಟರಿಯನ್ನು ತಮ್ಮನ ಕೈಗೆ ಕೊಟ್ಟ. "ಉಮಾ, ನಾನು ಬ್ಯಾಡ ಅನ್ನಕಿಲ್ಲ. ಚಿಲಕ ಅಗೋ ಅಲ್ಲದೆ. ತೆಗಿಬೇಕು ಅನ್ಸುದ್ರೆ ತೆಗಿ. ನಾನು ನಿನ್ ಕೈ ಹಿಡ್ಯಾಕೆ ಬರಕಿಲ್ಲ, ಆಮ್ಯಾಕೆ ಆಡ್ಕೊಳ್ಳೋದೂ ಇಲ್ಲ. ನಾನು ಉಂಡು ಮೂರು ದಿಸ ಆದಂಗಾಗದೆ. ಒಳೀಕೆ ಓಗಿ ವಸಿ ಒರಗ್ತೀನಿ. ಕುಳ್ಳಯ್ಯ ಸೌದೆ ತರಾಕೆ ಓಯ್ತಾನೆ. ತೆಗೀದೆ ಇದ್ರೆ, ಬೆಂಕಿ ಇಳೀದಂಗೆ, ರಾತ್ರಿಗೆ ನೂರರವತ್ತು ಮುಟ್ಟಂಗೆ ನೋಡ್ಕೊ."

ಅಣ್ಣ ಒಳಗೆ ಹೋದ. ಕುಳ್ಳಯ್ಯ ಎತ್ತಿನ ಗಾಡಿಯ ಕಡೆ ಹೋದ. ಹಿತ್ತಲಿನಲ್ಲಿ ಜಿಟಿಮಳೆ, ಒಲೆಯ ಗುರುಗುಟ್ಟುವಿಕೆ, ಇವನು.

ಮುಂದೆ ಬಹಳ ದಿನ ಅವನು ಆ ಮಧ್ಯಾಹ್ನವನ್ನು ತಿರುವಿ ಹಾಕಿದ್ದಾನೆ. ಅಣ್ಣ ಬೇಡವೆಂದು ಅಡ್ಡ ನಿಂತಿದ್ದರೆ ಜಗಳ ಮಾಡಬಹುದಿತ್ತು. ತಳ್ಳಿ, ಬೈದು, ಬಾಗಿಲು ಒದ್ದು ಒಳಗೆ ನುಗ್ಗಬಹುದಿತ್ತು. ಅಥವಾ ಸೋತು, ಅಣ್ಣನ ಮೇಲೆ ಜೀವಮಾನ ಪೂರ್ತಿ ಮುನಿಸಿಕೊಂಡಿರಬಹುದಿತ್ತು. ಅದೂ ಒಂದು ಆಸರೆಯೇ. ಈಗ ಚಿಲಕ ಬೆಚ್ಚಗೆ ಅವನ ಅಂಗೈಯಲ್ಲಿತ್ತು. ತಡೆಯುವವರು ಯಾರೂ ಇರಲಿಲ್ಲ.

ಒಳಗಿದ್ದ ಎಲೆ ಯಾರ ಯಾರ ಕೈ ದಾಟಿ ಬಂದದ್ದೆಂದು ಅವನು ಎಣಿಸತೊಡಗಿದ. ಮುರಿದವಳು ಅತ್ತಿಗೆ. ಕಟ್ಟಿದವಳು ಅವ್ವ, ಅವಳ ಬೆರಳಿನ ಹೊಗೆಸೊಪ್ಪಿನ ಕರಿ ಅಂಟು ಊಟದ ಹೊತ್ತಿಗೂ ಹೋಗುವುದಿಲ್ಲ, ಮುದ್ದೆಯೆಲ್ಲ ಕಹಿ. ಹೊತ್ತವನು ಕುಳ್ಳಯ್ಯ. ಬೇಯಿಸುತ್ತಿರುವವನು ಅಣ್ಣ. ಇವನು ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಆದರೆ ಒಳಗೆ ಮೂಲೆಯಲ್ಲಿದ್ದದ್ದನ್ನು ಈ ಮನೆಯಲ್ಲಿ ಬೇರೆ ಯಾರೂ ಮುಟ್ಟಿರಲಿಲ್ಲ, ಅವ್ವ ಒಬ್ಬಳನ್ನು ಬಿಟ್ಟು. ಅವಳು ಅದನ್ನು ಎರಡು ಕೈಯಲ್ಲಿ ಎತ್ತಿ, ಒಂದು ಕಂಬವೂ ಅಲುಗದ ಹಾಗೆ ಕೆಸರಿನ ಹಿತ್ತಲು ದಾಟಿಸಿದ್ದಳು. ಅದನ್ನು ಯೋಚಿಸಿದರೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂದಿದ್ದರೆ ಚಿಲಕ ಎಳೆಯುತ್ತಿದ್ದನೇನೋ.

ಯಾರಾದರೂ ಬಂದು ಏನಾದರೂ ಹೇಳಲಿ ಎಂದು ಅವನು ಕಾದ. ತೆಗಿ ಅನ್ನಲಿ, ಬೇಡ ಅನ್ನಲಿ. ಹಿತ್ತಲ ಬಾಗಿಲಲ್ಲಿ ಅವ್ವ ಒಂದು ಸಲ ಇಣುಕಿದಳು. ಮಗನ ಬೆನ್ನು ನೋಡಿ ಅವಳಿಗೆ ಏನೋ ತಿಳಿದಿರಬೇಕು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಸರಿದಳು.

ಬ್ಯಾಟರಿ ಹಾಕಿ ಕಿಂಡಿಯಿಂದ ನೋಡಿದ. ನೇತಾಡುವ ಎಲೆಗಳ ತುದಿಯ ಕೆಳಗೆ, ದೂರದ ಮೂಲೆಯಲ್ಲಿ, ಬೆಳಕಿನ ಸಣ್ಣ ವೃತ್ತದೊಳಗೆ ಸ್ಟೇಷನ್ ಇತ್ತು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದಷ್ಟೇ ಅಲ್ಲ, ಮೇಜಿನ ಮೇಲೆ ಎಂದೂ ಕಾಣದಷ್ಟು ನಿಜವಾಗಿ ಕಂಡಿತು. ಮೇಲೆ ಕವಿದ ಎಲೆಯ ಕತ್ತಲು ಆಕಾಶವಾಗಿ, ರೈಲು ಹೋದ ಮೇಲೆ ಎಲ್ಲರೂ ಮನೆ ಸೇರಿಕೊಂಡ ಊರಿನ ಹಾಗೆ. ಇದನ್ನು ಹೀಗೆಯೇ ನೋಡಬೇಕಿತ್ತು, ಕತ್ತಲೆಯಲ್ಲಿ, ಒಂದು ಕಿಂಡಿಯಿಂದ, ಉತ್ತಯ್ಯನವರಿಗೆ ಹೇಳಬೇಕು ಎಂದುಕೊಂಡ. ಎಂದುಕೊಂಡವನ ಕಣ್ಣು ಥರ್ಮಾಮೀಟರಿನ ಮೇಲೆ ಬಿತ್ತು. ಪಾದರಸ ಇಳಿದಿತ್ತು. ನೂರಿಪ್ಪತ್ತಾರು. ಅವನು ಚಿಲಕ ಹಿಡಿದು ನಿಂತಷ್ಟು ಹೊತ್ತು ಒಲೆಯನ್ನು ಯಾರೂ ನೋಡಿರಲಿಲ್ಲ.

ಇನ್ನು ಸ್ವಲ್ಪ ಇಳಿದರೆ ಬಾಗಿಲು ತೆಗೆಯುವುದೇ ಬೇಡ, ಎಲೆ ಮುಚ್ಚಿದ ಬಾಗಿಲಿನೊಳಗೇ ಕಪ್ಪಾಗುತ್ತದೆ. ಈ ಮನೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಅದು ಗೊತ್ತು, ಹೇಳಿಕೊಡಬೇಕಾಗಿಲ್ಲ. ಅವನ ಕಾಲು ತಾನಾಗಿ ಒಲೆಯ ಕಡೆ ಹೋಯಿತು. ನೀಲಗಿರಿ ಸೌದೆಯೊಂದನ್ನು ಎತ್ತಿ ಒಳಕ್ಕೆ ನೂಕಿದ. ಇನ್ನೊಂದು ನೂಕಿದ. ತೀರ್ಮಾನ ಮಾಡಿದ ಗಳಿಗೆ ಎಂದು ಯಾವುದೂ ಇರಲಿಲ್ಲ. ಬೆಂಕಿ ಹತ್ತಿ ಉರಿ ಕೊಳವೆಯೊಳಕ್ಕೆ ಹೂಂಕರಿಸಿ ಹೋದಾಗಲೇ, ತಾನು ಏನು ಮಾಡಿದೆನೆಂದು ಅವನಿಗೆ ಅರ್ಥವಾದದ್ದು.

ಆಮೇಲೆ ಅವನು ಕಿಂಡಿ ಬಿಟ್ಟು ಕದಲಲಿಲ್ಲ. ಸೌದೆ ಹಾಕುವುದು, ಬಂದು ನೋಡುವುದು. ನೂರನಲವತ್ತಕ್ಕೆ ಸಿಗ್ನಲ್ ಕ್ಯಾಬಿನ್ನಿನ ಮೆಟ್ಟಿಲು ಸೊಂಟ ಬಿಟ್ಟಿತು. ಅದು ತೀರ ತೆಳುವಾದದ್ದು, ಮೊದಲು ಹೋಗುವುದು ಅದೇ ಎಂದು ಅವನಿಗೆ ಗೊತ್ತಿತ್ತು. ಸ್ಟೇಷನ್ನಿನ ಮಾಡು ನಡುವೆ ಜಗ್ಗಿ, ಒದ್ದೆ ಪಂಚೆಯ ಹಾಗೆ ಜೋತುಬಿತ್ತು. ಗ್ಯಾಂಗಿನವರ ಸಾಲುಮನೆ ಒಂದರ ಮೇಲೊಂದು ಒರಗಿಕೊಂಡವು. ಬಣ್ಣ ಎಲ್ಲೂ ಕೆಡಲಿಲ್ಲ. ಇಟ್ಟಿಗೆ ಇಟ್ಟಿಗೆಯಾಗಿಯೇ, ಗಾರೆ ಗಾರೆಯಾಗಿಯೇ, ಸುಮ್ಮನೆ ಸದ್ದಿಲ್ಲದೆ ಕುಗ್ಗಿದವು. ನಿಜವಾದ ಮನೆ ಬೀಳುವಾಗ ಧೂಳೇಳುತ್ತದೆ, ತೊಲೆ ಮುರಿಯುತ್ತದೆ, ಯಾರೋ ಕೂಗುತ್ತಾರೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಗೇಟಿನವನ ಮನೆ ನೂರೈವತ್ತು ದಾಟಿದ ಮೇಲೂ ನಿಂತಿತ್ತು. ಅದರ ಗೋಡೆಯನ್ನು ದಪ್ಪಗೆ ಎರೆದಿದ್ದ. ಅದೊಂದು ಉಳಿದೀತು ಎಂಬ ಆಸೆ ಅವನಿಗೆ ಹುಟ್ಟಿತು, ಹುಟ್ಟಿದ್ದಕ್ಕೆ ನಾಚಿಕೆಯಾಯಿತು. ರಾತ್ರಿ ಕುಳ್ಳಯ್ಯ ಸೌದೆ ಗಾಡಿ ತಂದು ನಿಲ್ಲಿಸಿದಾಗ ನೂರರವತ್ತಾಗಿತ್ತು. ಆ ಮನೆಯ ಚಾವಡಿ ಕಂಬಿಯ ಮೇಲೆ ಮೊಣಕಾಲೂರಿತ್ತು.

"ಬನ್ನಿ ಚಿಕ್ಕಗೌಡ್ರೇ, ಇನ್ ನಾನ್ ನೋಡ್ಕೊತೀನಿ," ಅಂದ ಕುಳ್ಳಯ್ಯ. ಕಿಂಡಿಗೆ ಕಣ್ಣಿಟ್ಟು ಥರ್ಮಾಮೀಟರು ನೋಡಿದ. "ಸರ್ಯಾಗಿ ತಂದಿದ್ದೀರಿ." ಬೇರೆ ಏನನ್ನೂ ನೋಡಲಿಲ್ಲ, ಅಥವಾ ನೋಡಿ ಸುಮ್ಮನಿದ್ದ.

ಭಾನುವಾರ ಉತ್ತಯ್ಯನವರ ಜೀಪು ಬಂತು. ಉಮಾಶಂಕರ ರಸ್ತೆಗೇ ಹೋಗಿ ನಿಲ್ಲಿಸಿ, ಆಗಲಿಲ್ಲ ಸಾರ್ ಎಂದ. ಅವರು ಅವನ ಮುಖ ನೋಡಿದರು. ಇನ್ನೊಂದು ಮಾಡಲು ಎಷ್ಟು ದಿನ ಬೇಕು ಎಂದರು. ರೆಸಿನ್ನಿಲ್ಲ, ಅಚ್ಚಿಲ್ಲ ಎಂದು ಹೇಳಬಹುದಿತ್ತು. ಅವನು ಬರಿದೆ ಆಗದೆಂದು ತಲೆಯಾಡಿಸಿದ. ಜೀಪು ತಿರುಗಿಕೊಂಡು ಹೋಯಿತು.

ಬಾಗಿಲು ತೆಗೆದದ್ದು ಸೋಮವಾರ. ಎಲೆ ಗಾಳಿಯ ತೇವ ಎಳೆದುಕೊಂಡು ಹದಕ್ಕೆ ಬರಲೆಂದು ಬೆಳಗಿನಿಂದ ತೆರೆದಿಟ್ಟಿದ್ದರು. ಆ ವರ್ಷದ ಮೊದಲ ಒಳ್ಳೆಯ ಒಡಲು ಅದು. ನಿಂಬೆ ಹಳದಿ, ಒಂದು ಕಲೆಯಿಲ್ಲ. ದೇವರಾಜು ಒಂದು ಎಲೆ ಹಿಡಿದು ಬೆಳಕಿಗೆ ತೋರಿಸಿ, ತಮ್ಮನ ಕಣ್ಣು ಸಿಕ್ಕಿದ್ದೇ ಕೈ ಇಳಿಸಿಬಿಟ್ಟ.

ಚಾಮುಂಡಮ್ಮ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿದ್ದಳು. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಂಬಿಯ ನಡುವಿನ ಜಲ್ಲಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು.

"ಉಮಾ," ಅಂದಳು, ತಲೆಯೆತ್ತದೆ. "ಬಿಸ್ನೀರ್ಗೆ ಆಕಿ ನೆಟ್ಟಗೆ ಮಾಡ್ತಿದ್ಯಲ್ಲಪ್ಪ, ಅಂಗ್ ಮಾಡುದ್ರೆ ಆಗಕಿಲ್ವಾ? ನಾ ನೀರ್ ಕಾಯಿಸ್ಕೊಡ್ತೀನಿ. ದೊಡ್ಡ ಅಂಡೇಲಿ ಕಾಯಿಸ್ತೀನಿ."

"ಆಯ್ತದೆ ಬುಡವ್ವ. ಆಮ್ಯಾಕೆ ನೋಡವ."

"ನಂಗೆ ಗೊತ್ತಾಗ್ಲಿಲ್ಲ ಕಣೋ."

"ಆಯ್ತದೆ ಅಂದ್ನಲ್ಲವ್ವ. ಏಳು. ಎಲೆ ಇಳಿಸ್ಬೇಕು, ಆಚೆ ನಡಿ."

ಮೇಲಿನ ಗಳಗಳಿಂದ ಕೋಲು ಇಳಿಸಲು ಒಬ್ಬರು ಹತ್ತಬೇಕು. ಯಾವಾಗಲೂ ಹತ್ತುತ್ತಿದ್ದ ಆಳು ಬಂದಿರಲಿಲ್ಲ. ಯಾರೂ ಕೇಳಲಿಲ್ಲ, ಉಮಾಶಂಕರ ಲುಂಗಿ ಕಟ್ಟಿಕೊಂಡು ಗಳದಿಂದ ಗಳಕ್ಕೆ ಹತ್ತಿದ. ಸೂರಿನ ಹತ್ತಿರ ಎರಡು ಗಳಗಳ ಮೇಲೆ ಕಾಲು ಅಗಲಿಸಿ ನಿಂತುಕೊಂಡ. ಕೋಲಿಗೆ ಕೋಲು ಬಿಡಿಸಿ ಕೆಳಗೆ ಕೊಡುತ್ತ ಹೋದಂತೆ ಎಲೆಯ ತೆರೆ ಸರಿದು, ಕಾಲಿನ ಸಂದಿಯಿಂದ ನೆಲ ಕಾಣಿಸತೊಡಗಿತು. ಮೂಲೆಯಲ್ಲಿ ಅವನ ಸ್ಟೇಷನ್ನು, ಅಷ್ಟು ಎತ್ತರದಿಂದ ಅಂಗೈಯಗಲ. ಯಾವ ಮನೆಯ ಗೋಡೆ ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಗೇಟಿನವನ ಮನೆ ಯಾವುದಿರಬಹುದೆಂದು ಹುಡುಕಿದ. ಹಳದಿ ಬಣ್ಣ ಸ್ವಲ್ಪ ಕಡುವೇ ಆಗಿತ್ತು.

"ಇಳಿಸ್ಲಾ," ಕೆಳಗಿನಿಂದ ದೇವರಾಜು ಕೈ ಚಾಚಿ ನಿಂತಿದ್ದ. "ಏನ್ ನೋಡ್ತಾ ನಿಂತ್ಕಂಡೆ?"

ಅವನು ಮುಂದಿನ ಕೋಲು ಬಿಡಿಸಿ ಕೊಟ್ಟ.